ಬದುವಿನ ಮೇಲಿನ ಬಿಳುಪು

ಬದುವಿನ ತುತ್ತಿ ಗಿಡಗಳ ಮೇಲೆ ಹಿಟ್ಟು ಉದುರಿಸಿದಂಥ ಬಿಳುಪು ಮೊದಲು ಕಂಡದ್ದು 2010ರ ಬೇಸಿಗೆಯಲ್ಲಿ. ದಿನವೂ ಆ ಬದುವಿನ ಮೇಲೇ ಓಡಾಡುತ್ತಿದ್ದೆ, ಒಮ್ಮೆಯೂ ಬಗ್ಗಿ ಎಲೆ ತಿರುಗಿಸಿ ನೋಡಲಿಲ್ಲ. ತುತ್ತಿಯನ್ನು ನಾನು ನೆಟ್ಟಿರಲಿಲ್ಲ, ಅದಕ್ಕೆ ನೀರು ಗೊಬ್ಬರ ಕೊಟ್ಟವಳೂ ಅಲ್ಲ. ಅದಕ್ಕೆ ಏನು ಹತ್ತಿದರೆ ನನಗೇನು ಎಂದುಕೊಂಡಿದ್ದೆ. ಬದುವಿನಿಂದ ನಾಲ್ಕು ಹೆಜ್ಜೆ ಆಚೆಗೆ ನನ್ನ ಪಪ್ಪಾಯಿ ಇತ್ತು. ಆರಡಿಗೆ ಆರಡಿ ಅಂತರದಲ್ಲಿ ನೆಟ್ಟ ರೆಡ್ ಲೇಡಿ, ಮೊದಲ ಕೊಯ್ಲಿಗೆ ಬಂದಿತ್ತು. ನನ್ನ ಕಣ್ಣೆಲ್ಲ ಅಲ್ಲೇ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮಾವನವರ ಜಮೀನು ಇಬ್ಬರು ಮಕ್ಕಳಿಗೆ ಪಾಲಾದಾಗ ಮಧ್ಯದ ಬದು ಇಬ್ಬರಿಗೂ ಸೇರಿದ್ದೆಂದಾಯಿತು. ಈಚೆ ನಮ್ಮ ಪಪ್ಪಾಯಿ, ಆಚೆ ಮೈದುನನ ಹಿಪ್ಪುನೇರಳೆ. ಬದುವಿನ ಉದ್ದಕ್ಕೂ ಮೇಕೆ ನುಗ್ಗದಿರಲಿ ಎಂದು ಮಾವನವರು ಹಿಂದೆ ನೆಟ್ಟ ಕಾಡುಹರಳು, ಪೂಜೆಗೆಂದು ಅತ್ತೆ ಊರಿದ ಕೆಂಪು ದಾಸವಾಳ, ತಾವಾಗಿಯೇ ಬಂದ ತುತ್ತಿ ಮತ್ತು ಲಂಟಾನ, ಅವುಗಳ ಬುಡದಲ್ಲಿ ಕಾಂಗ್ರೆಸ್ ಗಿಡ. ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ತೋಟದ ತೀರ್ಮಾನಗಳೆಲ್ಲ ನನ್ನವೇ. ಹಾಗಾಗಿ ಮುಂದೆ ಆದದ್ದರಲ್ಲಿ ಬೇರೆ ಯಾರ ಪಾಲೂ ಇಲ್ಲ.

ಆ ಬಿಳುಪು ಪಪ್ಪಾಯಿ ಹಿಟ್ಟು ತಿಗಣೆ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಹುಳು. ನಮ್ಮ ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಎರಡು ವರ್ಷಗಳಲ್ಲಿ ತಮಿಳುನಾಡನ್ನು ದಾಟಿ ನಮ್ಮ ಕಡೆಗೂ ಬಂತು. ಹೆಣ್ಣಿಗೆ ರೆಕ್ಕೆಯಿಲ್ಲ. ಹಳದಿ ಮೈ, ಅದರ ಮೇಲೆ ಮೇಣದ ಬಿಳಿ ಪುಡಿ. ಸೂಜಿಯಂಥ ಬಾಯನ್ನು ಎಲೆಯೊಳಗೆ ಇಳಿಸಿ ರಸ ಹೀರುತ್ತಾ ಕೂತರೆ ಅಲ್ಲೇ ಸಂಸಾರ. ಹಿಂಬದಿಯಲ್ಲಿ ಮೇಣದ ಎಳೆಗಳ ಉದ್ದನೆಯ ಚೀಲವೊಂದನ್ನು ಹೆಣೆದು ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಮರಿಯಾಗಿದ್ದಾಗಲೇ ಅವು ಚುರುಕಾಗಿ ಓಡಾಡುವುದು. ಗಾಳಿಗೆ ತೇಲಿ, ಇರುವೆಗಳ ಬಾಯಲ್ಲಿ, ಕೂಲಿಯವರ ಬಟ್ಟೆಗೆ, ಹಣ್ಣಿನ ಕ್ರೇಟಿಗೆ ಅಂಟಿ ಹೊಸ ಗಿಡ ಸೇರುತ್ತವೆ. ಬೇಸಿಗೆಯಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗುತ್ತದೆ.

ಹೆಸರಿನಲ್ಲಿ ಪಪ್ಪಾಯಿ ಇದ್ದರೂ ಅದು ಅರವತ್ತಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಬದುಕಬಲ್ಲದು. ದಾಸವಾಳ, ತುತ್ತಿ, ಕಾಡುಹರಳು, ಕಾಂಗ್ರೆಸ್ ಗಿಡ, ಮರಗೆಣಸು, ಹಿಪ್ಪುನೇರಳೆ, ಎಲ್ಲವೂ ಅದಕ್ಕೆ ಆಗುತ್ತದೆ. ನಮ್ಮ ಬದುವಿನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಸಾಲಾಗಿ ಬೆಳೆದು ನಿಂತಿತ್ತು. ಪಪ್ಪಾಯಿಗೆ ಹತ್ತುವ ಮೊದಲು ಅದು ವಾರಗಟ್ಟಲೆ ಆ ಗಿಡಗಳ ಮೇಲಿದ್ದಿರಬೇಕು. ಆಗಲೇ ಎಲೆ ತಿರುಗಿಸಿ ನೋಡಿದ್ದರೆ ನಾಲ್ಕಾರು ರೆಂಬೆ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಸುಡುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಪೂರ್ತಿ ಅಲ್ಲದಿದ್ದರೂ ಆ ವರ್ಷದ ಹಣ್ಣಿನ ಮಟ್ಟಿಗೆ.

ಪಪ್ಪಾಯಿಗೆ ಇಳಿದ ಮೇಲೆ ಅದರ ವೇಗ ನೋಡಿ ಕೈಕಾಲು ಆಡಲಿಲ್ಲ. ತುದಿಯ ಎಳೆ ಎಲೆಗಳು ಮುದುಡಿದವು. ಕಾಯಿಯ ತೊಟ್ಟಿನ ಸುತ್ತ ಬಿಳಿ ಪದರ. ಹುಳು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಸುರಿದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆಗಳಿಗೆ ಬಿಸಿಲೇ ಸಿಗದಂತಾಯಿತು. ಅಂಟಿನ ಆಸೆಗೆ ಗೊದ್ದಗಳು ಗಿಡ ಹತ್ತಿ ಇಳಿಯುತ್ತಿದ್ದವು. ಹುಳುವನ್ನು ತಿನ್ನಲು ಬಂದ ಬೇರೆ ಕೀಟಗಳನ್ನು ಇರುವೆಗಳೇ ಓಡಿಸುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಹಣ್ಣಿನ ವ್ಯಾಪಾರಿ ಬಂದು ಎರಡು ಕಾಯಿ ತಿರುಗಿಸಿ ನೋಡಿ, "ಇದನ್ನ ಲೋಡ್ ಮಾಡೋಕಾಗಲ್ಲ ಅಮ್ಮಾ, ಮಂಡೀಲಿ ಯಾರೂ ಮುಟ್ಟಲ್ಲ" ಎಂದು ಹೊರಟುಬಿಟ್ಟರು.

ನಾನು ಔಷಧಿ ಹೊಡೆಸಿದೆ. ಪ್ರೊಫೆನೋಫಾಸ್ ತಂದೆವು, ಅದು ಸಾಲದೆಂದು ಇನ್ನೊಂದು ತಂದೆವು. ಹೊಡೆದ ಮರುದಿನ ಸತ್ತ ಹುಳು ಕಾಣುತ್ತಿತ್ತು, ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಮೂರನೇ ವಾರಕ್ಕೆ ಮತ್ತೆ ಅದೇ ಬಿಳುಪು. ಮೈಮೇಲಿನ ಮೇಣ ನೀರನ್ನು ನಿಲ್ಲಗೊಡುವುದಿಲ್ಲ, ಮೊಟ್ಟೆ ಚೀಲದೊಳಕ್ಕೆ ಔಷಧಿ ಇಳಿಯುವುದಿಲ್ಲ. ಗಿಡದ ಮೇಲಿರುವುದನ್ನು ಕೊಂದರೂ ಬದುವಿನಿಂದ ಹೊಸದು ಬರುತ್ತಲೇ ಇತ್ತು.

ಆ ದಿನಗಳ ಇನ್ನೊಂದು ಸಂಗತಿ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಬಿಳಿ ಗುಂಪುಗಳ ನಡುವೆ ಅಲ್ಲಲ್ಲಿ ದೊಡ್ಡ ಗಾತ್ರದ ಬಿಳಿ ಹುಳುಗಳಿದ್ದವು. ಇವೇ ತಾಯಿಹುಳುಗಳು, ಇವನ್ನು ಮೊದಲು ಮುಗಿಸಬೇಕು ಎಂದು ಆಳುಗಳಿಗೆ ಹೇಳಿ ಹುಡುಕಿ ಹುಡುಕಿ ಹೊಸಕಿಸಿದೆ. ಅವು ಹಿಟ್ಟು ತಿಗಣೆಗಳೇ ಅಲ್ಲ. ಕೆಲವು ಗುಲಗಂಜಿ ಹುಳುವಿನ ಮರಿಗಳು, ಕೆಲವು ಸ್ಪಾಲ್ಗಿಸ್ ಎಂಬ ಸಣ್ಣ ಚಿಟ್ಟೆಯ ಕಂಬಳಿಹುಳುಗಳು. ಸೊಪ್ಪು ತಿನ್ನದೆ ಹಿಟ್ಟು ತಿಗಣೆಯನ್ನೇ ತಿಂದು ಬೆಳೆಯುವ ಚಿಟ್ಟೆ ಅದು. ತಿಗಣೆಗಳ ನಡುವೆ ಇರಲೆಂದೇ ಅದರ ಮರಿಯ ಮೈಮೇಲೂ ಬಿಳಿ ಪುಡಿ. ಅದರ ಕೋಶಕ್ಕೆ ಕೋತಿಯ ಮುಖದ ಆಕಾರವಿದೆ. ಎಲೆಗಳ ಮೇಲೆ ಅಂಥ ಪುಟ್ಟ ಮುಖಗಳನ್ನು ನೋಡಿ ಇದೇನೋ ಹೊಸ ಪೀಡೆ ಎಂದು ಅವನ್ನೂ ಕೆರೆದು ಹಾಕಿಸಿದೆ. ತಾವಾಗಿಯೇ ಬಂದು ನನ್ನ ಕೆಲಸ ಮಾಡುತ್ತಿದ್ದ ಜೀವಗಳನ್ನು ಕೂಲಿ ಕೊಟ್ಟು ಕೊಲ್ಲಿಸಿದೆ.

ಮಾವನವರು ಆಗ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ಬಿಳುಪು ಹತ್ತಿದ ರೆಂಬೆಯೊಂದನ್ನು ತೋರಿಸಿದೆ. ಬೆರಳಲ್ಲಿ ಒತ್ತಿ ನೋಡಿದರು, ಹಳದಿ ರಸ ಬಂತು. "ಪಾಪಾಸುಕಳ್ಳೀದಾಗಿದ್ರೆ ಕೆಂಪು ಬರ್ತಿತ್ತು" ಎಂದರು. ಅವರ ತಾಯಿ ಹೇಳುತ್ತಿದ್ದರಂತೆ: ಹೊಲ, ಬೀಳು, ಗೋಮಾಳವೆಲ್ಲ ಪಾಪಾಸುಕಳ್ಳಿಯೇ ತುಂಬಿಕೊಂಡಿದ್ದ ಕಾಲವೊಂದಿತ್ತು, ಬಿಳಿ ಹುಳ ಬಂದು ಅದನ್ನೆಲ್ಲ ತಿಂದು ಮುಗಿಸಿತು. ಆ ಮಾತು ನಿಜ. ಕಳ್ಳಿಯ ರಸ ಹೀರುವ ಕೊಚಿನೀಲ್ ಎಂಬ ಹುಳುವನ್ನು 1926ರಲ್ಲಿ ಸಿಲೋನಿನಿಂದ ದಕ್ಷಿಣ ಭಾರತಕ್ಕೆ ತಂದು ಕಳ್ಳಿಯ ಮೇಲೆ ಬಿಟ್ಟಿದ್ದರು. ಅದಕ್ಕೂ ಹಿಂದೆ, 1795ರಲ್ಲಿ, ಕೆಂಪು ಬಣ್ಣ ತೆಗೆಯುವ ಆಸೆಗೆ ತಂದ ಅದರ ಬಳಗದ ಇನ್ನೊಂದು ಹುಳು ಬೇರೊಂದು ಜಾತಿಯ ಕಳ್ಳಿಯನ್ನು ಅಳಿಸಿತ್ತು. ಮಾವನವರು ಹೇಳಲು ಹೊರಟಿದ್ದು, ಹೊರಗಿನಿಂದ ಬಂದ ಹುಳು ಏನು ಮಾಡಬಲ್ಲದು, ಅದನ್ನು ಹಗುರವಾಗಿ ತಿಳಿಯಬೇಡ ಎಂದು. ನನಗೆ ಕೇಳಿಸಿದ್ದು ಮಾತ್ರ ತೊಂದರೆಯೆಲ್ಲ ಬದುವಿನ ಗಿಡದಲ್ಲೇ ಇದೆ ಎಂಬಷ್ಟು.

ಮಳೆಗಾಲ ಹುಳುವನ್ನು ಸ್ವಲ್ಪ ತೊಳೆಯಿತು. 2011ರ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಮತ್ತೆ ಬಿಳುಪು ಏರತೊಡಗಿತು. ಈ ಸಲ ಬದುವನ್ನೇ ಬೋಳು ಮಾಡುತ್ತೇನೆಂದು ಹೊರಟೆ. ಮೈದುನನಿಗೆ ಒಂದು ಮಾತು ಹೇಳಿದ್ದೆ, "ಬದು ಕ್ಲೀನ್ ಮಾಡಿಸ್ತೀನಿ" ಎಂದು. ಔಷಧಿಯ ವಿಷಯ ಹೇಳಲಿಲ್ಲ. ಆಳುಗಳು ದಾಸವಾಳ, ಕಾಡುಹರಳು, ತುತ್ತಿ ಎಲ್ಲವನ್ನೂ ಬುಡಕ್ಕೆ ಕಡಿದು ಬದುವಿನ ಮೇಲೇ ರಾಶಿ ಹಾಕಿದರು. ಒಣಗಿದ ಮೇಲೆ ಸುಡೋಣ ಎಂದೆ. ಕಡಿದ ಗಿಡ ಒಣಗತೊಡಗಿದರೆ ಅದರ ಮೇಲಿನ ಹುಳು ಅಲ್ಲೇ ಕೂತು ಸಾಯುವುದಿಲ್ಲ, ಹಸಿರು ಹುಡುಕಿಕೊಂಡು ಹೊರಡುತ್ತದೆ. ಆ ರಾಶಿಯಿಂದ ಒಂದು ಪಾಲು ನನ್ನ ಪಪ್ಪಾಯಿಗೆ ಬಂತು, ಇನ್ನೊಂದು ಪಾಲು ಮೈದುನನ ಹಿಪ್ಪುನೇರಳೆಗೆ ಹೋಯಿತು. ಅಲ್ಲಿಯವರೆಗೆ ಅವನ ಸೊಪ್ಪಿನಲ್ಲಿ ಬಿಳುಪು ಇರಲಿಲ್ಲ. ರಾಶಿಯಿಂದ ಮರಿಗಳು ಹರಿದು ಹೋಗುತ್ತಿರುವುದನ್ನು ಕಂಡು ಗಾಬರಿಯಾಗಿ ಪವರ್ ಸ್ಪ್ರೇಯರ್ ತರಿಸಿ ರಾಶಿಗೂ ಬದುವಿಗೂ ಪ್ರೊಫೆನೋಫಾಸ್ ಹೊಡೆಸಿದೆ. ಮಧ್ಯಾಹ್ನದ ಹೊತ್ತು, ಗಾಳಿ ಇತ್ತು. ತಡೆಯಲು ಬೇಲಿಯೂ ಉಳಿದಿರಲಿಲ್ಲ. ಔಷಧಿಯ ಮಂಜು ಹಿಪ್ಪುನೇರಳೆ ಸಾಲುಗಳ ಮೇಲೆ ಹೋಗುತ್ತಿರುವುದನ್ನು ನಾನು ಕಣ್ಣಾರೆ ಕಂಡೆ. ನಿಲ್ಲಿಸಿ ಎನ್ನಲಿಲ್ಲ. ಇನ್ನು ಸ್ವಲ್ಪವೇ ಉಳಿದಿದೆ, ಮುಗಿದುಹೋಗಲಿ ಎಂದುಕೊಂಡೆ.

ಮೈದುನನ ಹುಳುಮನೆಯಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು. ರೇಷ್ಮೆ ಮಾಡುವವರಿಗೆ ಆ ದಿನಗಳ ಬೆಲೆ ಗೊತ್ತು. ಹುಳು ತನ್ನ ಇಡೀ ಬದುಕಿನ ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದು ಆಗಲೇ, ಖರ್ಚು ಕೂಲಿ ಎಲ್ಲ ಸುರಿಯುವುದೂ ಆಗಲೇ. ಮರುದಿನ ಬೆಳಿಗ್ಗೆ ಓರಗಿತ್ತಿ ಓಡಿಬಂದಳು. "ಅಕ್ಕಾ, ಹುಳ ಯಾಕೋ ತಲೆ ಆಡುಸ್ತಾವೆ, ಬಾಯಲ್ಲಿ ಹಸ್ರು ನೀರು ಕಾರ್ತಾವೆ, ಬಂದು ನೋಡು." ಹೋದೆ. ಬಾಗಿಲ ಬಳಿಯ ಸಾಲಿನ ಹುಳುಗಳು ಮೈ ಮುದುಡಿಕೊಂಡು ಹೊರಳುತ್ತಿದ್ದವು, ಒಳಗಿನ ಸಾಲುಗಳು ಇನ್ನೂ ಸೊಪ್ಪು ಮೇಯುತ್ತಿದ್ದವು. ರಾಶಿಯಲ್ಲಿದ್ದ ಸೊಪ್ಪನ್ನು ಕೈಗೆ ತೆಗೆದುಕೊಂಡೆ. ವಾಸನೆ ಬಂತು. ಹಿಂದಿನ ದಿನ ನನ್ನ ಸೀರೆಗೆ ಹತ್ತಿದ್ದ ಅದೇ ವಾಸನೆ.

ನಾನು ಏನೂ ಹೇಳಲಿಲ್ಲ.

ಮೈದುನ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಕೊಟ್ಟವರ ಮೇಲೆ ಅನುಮಾನಪಟ್ಟ. ರೋಗದ ಹುಳು ಕೊಟ್ಟಿದ್ದಾರೆ ಎಂದು ಊರಲ್ಲಿ ಮಾತಾಯಿತು. ಅವರು ವಯಸ್ಸಾದವರು, ನಮ್ಮ ಸುತ್ತಿನ ಹಳ್ಳಿಗಳಿಗೆ ಬಹಳ ಕಾಲದಿಂದ ಚಾಕಿ ಕೊಡುತ್ತಿದ್ದವರು. ಬಂದು ನೋಡಿ, "ಇದು ರೋಗ ಅಲ್ಲಪ್ಪ, ಸೊಪ್ಪಿಂದು" ಎಂದರು. ಯಾರೂ ಕೇಳಲಿಲ್ಲ. ಅವರಿಗೆ ಬರಬೇಕಿದ್ದ ಹಣವನ್ನು ಮೈದುನ ತಡೆಹಿಡಿದ. ನಾನು ಪಕ್ಕದಲ್ಲೇ ನಿಂತು ಅವರ ಮುಖ ನೋಡುತ್ತಿದ್ದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ಪಪ್ಪಾಯಿಗೆ ಹಾಕಿದ ದುಡ್ಡು ಮುಳುಗಿತ್ತು, ಈಗ ಇದರ ನಷ್ಟವೂ ತಲೆಗೆ ಬಂದರೆ ಹೇಗೆ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಪಾಲಾದ ಮೇಲೂ ಕೆಡದೆ ಉಳಿದಿದ್ದ ನಮ್ಮಿಬ್ಬರ ಮನೆಯ ಮಾತುಕತೆ ನಿಂತುಹೋದೀತೆಂಬ ಹೆದರಿಕೆ. ಈ ಕಾರಣಗಳನ್ನು ಇಂದು ಬರೆಯುವಾಗ ಯಾವುದೂ ಸಾಕಾದಷ್ಟು ದೊಡ್ಡದೆನಿಸುವುದಿಲ್ಲ.

ಅವರಿವರ ಅನುಮಾನಗಳ ನಡುವೆ ಮೈದುನನ ಮನೆಯವರು ಬದುವಿನ ಪಕ್ಕದ ಸಾಲಿನ ಸೊಪ್ಪನ್ನೇ ಕೊಯ್ದು ಹಾಕುತ್ತಾ ಹೋದರು. ಒಳಗಿನ ಸಾಲುಗಳ ಹುಳುವೂ ಹೋಯಿತು. ಗೂಡು ಕಟ್ಟಲು ಚಂದ್ರಿಕೆಗೆ ಏರಿದ್ದು ಏನೇನೂ ಅಲ್ಲದಷ್ಟು. ಸತ್ತ ಹುಳುಗಳನ್ನೆಲ್ಲ ಗುಂಡಿ ತೋಡಿ ಮುಚ್ಚಿದ ರಾತ್ರಿ ನಾನು ಅವರ ಮನೆಗೆ ಹೋಗಿ ಹೇಳಿದೆ. ಮೈದುನ ಎದ್ದು ಹೊರಗೆ ಹೋದ. ಓರಗಿತ್ತಿ ಕೂತಲ್ಲೇ ಇದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ಅವತ್ತೇ ಹೇಳಿದ್ರೆ ಆ ಕಡೆ ಸೊಪ್ಪು ಹಾಕ್ತಿರಲಿಲ್ವಲ್ಲ ಅಕ್ಕಾ. ಅರ್ಧ ಹುಳ ಉಳೀತಿತ್ತು" ಎಂದಳು. ಗಾಳಿ ಕೊಂಡೊಯ್ದ ಔಷಧಿಯಿಂದ ಸತ್ತವು ಅರ್ಧ. ಇನ್ನರ್ಧ ನನ್ನ ಮೌನದಿಂದ ಸತ್ತವು. ಮರುದಿನ ಚಾಕಿಯವರ ಮನೆಗೆ ಹೋಗಿ ಅವರ ಬಾಕಿಯನ್ನು ನಾನೇ ಕೊಟ್ಟು, ಊರಿನವರೆದುರು ನಡೆದದ್ದನ್ನು ಹೇಳಿದೆ. ಅವರು ಹಣ ಎಣಿಸಿ ತೆಗೆದುಕೊಂಡರು, ಮಾತಾಡಲಿಲ್ಲ. ಮಾತಾಡಬೇಕಾದ ಋಣವೂ ಅವರಿಗಿರಲಿಲ್ಲ.

ಇದೆಲ್ಲ ಆದ ಮೇಲೆ ಹುಳು ಹತ್ತಿದ ರೆಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಕೊಂಡು ಬೆಂಗಳೂರಿನ ಹೆಬ್ಬಾಳಕ್ಕೆ ಹೋದೆ. ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಅಲ್ಲಿದೆ. ಅಲ್ಲಿ ತಿಳಿದದ್ದನ್ನು ಒಂದು ವರ್ಷ ಮೊದಲೇ ತಿಳಿದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹುಳುವಿನ ತವರಾದ ಮೆಕ್ಸಿಕೋದಲ್ಲಿ ಅದು ದೊಡ್ಡ ಪೀಡೆಯೇ ಅಲ್ಲ, ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವ ಕಣಜಗಳಿವೆ. ಅವುಗಳಲ್ಲಿ ಮೂರು ಬಗೆಯವನ್ನು ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೋದಿಂದ 2010ರಲ್ಲಿ ಬೆಂಗಳೂರಿಗೆ ತರಿಸಿ, ಪ್ರತ್ಯೇಕ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಬೇರೆ ಜೀವಿಗಳಿಗೆ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಹೊಲಗಳಿಗೆ ಬಿಡತೊಡಗಿದ್ದರು. ಮೂರರಲ್ಲಿ ನಮ್ಮ ನೆಲದಲ್ಲಿ ಚೆನ್ನಾಗಿ ಬೇರೂರಿದ್ದು ಅಸಿರೋಫೇಗಸ್ ಪಪಾಯೆ. ಒಂದು ಮಿಲಿಮೀಟರಿಗೂ ಚಿಕ್ಕದಾದ, ಮನುಷ್ಯರನ್ನು ಕಚ್ಚದ ಹಳದಿ ಕಣಜ. ತಿಗಣೆಯ ಮರಿಯೊಳಗೆ ಅದು ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗಿನಿಂದ ತಿಂದು ಬೆಳೆಯುತ್ತದೆ. ತಿಗಣೆ ಉಬ್ಬಿ, ಗಟ್ಟಿಯಾಗಿ, ಕಂದು ಬಣ್ಣದ ಸಿಪ್ಪೆಯಾಗುತ್ತದೆ. ಕೊನೆಗೆ ಆ ಸಿಪ್ಪೆಗೆ ದುಂಡನೆಯ ರಂಧ್ರ ಕೊರೆದು ಹೊಸ ಕಣಜ ಹಾರಿಹೋಗುತ್ತದೆ.

ನಮ್ಮೂರಿಗೆ ಬಂದ ವಿಜ್ಞಾನಿಗಳು ಮೊದಲು ಕೇಳಿದ್ದು, "ಬೇಲಿ ಎಲ್ಲಿದೆ?" ಎಂದು. ಬೋಳು ಬದುವನ್ನು ತೋರಿಸಿದೆ. ಅವರ ಮುಖದಲ್ಲಿ ಬೇಸರ ಕಂಡಿತು. ಕಣಜ ನೆಲೆಯೂರಬೇಕಾದರೆ ಯಾರೂ ಔಷಧಿ ಹೊಡೆಯದ, ಕಡಿಯದ ಒಂದು ಜಾಗ ಬೇಕು. ಅಲ್ಲಿ ಸ್ವಲ್ಪ ಹಿಟ್ಟು ತಿಗಣೆಯೂ ಇರಬೇಕು. ತಿಗಣೆ ಇಲ್ಲದ ಕಡೆ ಕಣಜ ಬಾಳದು. ಯಾವ ಬದುವನ್ನು ಪೀಡೆಯ ಮನೆ ಎಂದು ನಾನು ಬೋಳು ಮಾಡಿಸಿದೆನೋ ಅದೇ ಪೀಡೆಯ ವೈರಿಗೂ ಮನೆಯಾಗಬೇಕಿತ್ತು. ಹಳೆಯ ಬಾವಿಯ ಹತ್ತಿರ, ಆಳುಗಳು ಹಾವಿನ ಭಯಕ್ಕೆ ಕಡಿಯದೆ ಬಿಟ್ಟಿದ್ದ ತುತ್ತಿಯ ಪೊದೆಯೊಂದು ಉಳಿದಿತ್ತು. ಅದರ ತುಂಬ ಬಿಳುಪು. ಕಣಜಗಳ ಸೀಸೆಗಳನ್ನು ಅಲ್ಲಿಯೇ ಬಿಚ್ಚಿದರು. ಇಲ್ಲಿ ಏನೂ ಮಾಡಬೇಡಿ, ಸುಮ್ಮನೆ ಬಿಟ್ಟುಬಿಡಿ ಎಂದು ಹೇಳಿ ಹೋದರು. ಬಿಳುಪು ಹತ್ತಿದ ಪೊದೆಯನ್ನು ನೋಡಿಕೊಂಡು ಸುಮ್ಮನಿರುವುದು ಬಹಳ ಕಷ್ಟದ ಕೆಲಸ. ಇರುವೆ ಸಾಲನ್ನು ತಡೆಯುವುದಷ್ಟೇ ನನಗೆ ಬಿಟ್ಟ ಕೆಲಸವಾಗಿತ್ತು.

ಮಳೆ ಶುರುವಾಗುವ ಹೊತ್ತಿಗೆ ಆ ಪೊದೆಯ ಎಲೆಗಳಲ್ಲಿ ಕಂದು ಸಿಪ್ಪೆಗಳು ಕಾಣತೊಡಗಿದವು, ಪ್ರತಿಯೊಂದರಲ್ಲೂ ಸೂಜಿಮೊನೆಯಷ್ಟು ತೂತು. ಆಮೇಲೆ ಹಿಪ್ಪುನೇರಳೆಯಲ್ಲೂ ಕಂಡವು. ನನ್ನ ಪಪ್ಪಾಯಿ ಗಿಡಗಳನ್ನು ಅಷ್ಟರಲ್ಲಿ ಕಿತ್ತುಹಾಕಿಯಾಗಿತ್ತು. ಅವುಗಳ ಪಾಲಿಗೆ ಕಣಜ ತಡವಾಗಿ ಬಂತು. ಮುಂದಿನ ವರ್ಷ ಹೊಸದಾಗಿ ನೆಟ್ಟ ಗಿಡಗಳಿಗೆ ಹಿಟ್ಟು ತಿಗಣೆಗೆಂದು ಔಷಧಿ ಹೊಡೆಯುವ ಪ್ರಸಂಗ ಬರಲಿಲ್ಲ. ನಮ್ಮ ತೋಟವೊಂದರ ಮಾತಲ್ಲ ಇದು. ತಮಿಳುನಾಡು, ಕರ್ನಾಟಕದ ಉದ್ದಕ್ಕೂ ಆ ಕಣಜ ಹರಡಿ, ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಮೂರರಲ್ಲೂ ಪೀಡೆಯನ್ನು ತಗ್ಗಿಸಿತು. ನಮ್ಮ ದೇಶದ ಕೃಷಿಯಲ್ಲಿ ಇಷ್ಟು ಸದ್ದಿಲ್ಲದೆ ಇಷ್ಟು ರೈತರ ಬೆಳೆ ಉಳಿಸಿದ ಕೆಲಸಗಳು ಹೆಚ್ಚಿಲ್ಲ ಎಂದು ನನ್ನ ನಂಬಿಕೆ. ಮಕ್ಕಳ ಪಾಠಪುಸ್ತಕದಲ್ಲಿ ಇದು ಇರಬೇಕು.

ಬದುವನ್ನು ಓರಗಿತ್ತಿ ಮತ್ತು ನಾನು ಸೇರಿ ಮತ್ತೆ ಬೆಳೆಸಿದೆವು. ಅವಳು ನನ್ನೊಡನೆ ಮೊದಲಿನಂತೆ ಮಾತಾಡಲು ಬಹಳ ಕಾಲ ಹಿಡಿಯಿತು. ಅವಳ ಮುಂದಿನ ಬೆಳೆಗಳಿಗೆ ಸೊಪ್ಪು ಕೊಯ್ಯಲು, ಜ್ವರ ಎದ್ದ ಹುಳುವಿಗೆ ಮೇವು ಹಾಕಲು ನಾನು ಹೋಗುತ್ತಿದ್ದೆ. ಬೇಡ ಎನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಮೈದುನ ನಷ್ಟದ ಹಣವನ್ನು ಕಂತಿನಲ್ಲಿ ತೆಗೆದುಕೊಂಡ. ತೆಗೆದುಕೊಂಡದ್ದೇ ಒಳ್ಳೆಯದಾಯಿತು. ದಾಸವಾಳ ಮತ್ತೆ ಚಿಗುರಿದೆ, ಕಾಡುಹರಳನ್ನು ಹೊಸದಾಗಿ ಊರಿದ್ದೇವೆ. ಕಾಂಗ್ರೆಸ್ ಗಿಡವನ್ನು ಮಾತ್ರ ಹೂ ಬಿಡುವ ಮೊದಲೇ ಕೀಳುತ್ತೇವೆ, ಅದರ ಮೇಲೆ ನನಗೆ ಯಾವ ಕರುಣೆಯೂ ಇಲ್ಲ. ಬಾವಿಯ ಬಳಿಯ ತುತ್ತಿ ಪೊದೆಯನ್ನು ಯಾರೂ ಮುಟ್ಟುವಂತಿಲ್ಲ. ಯಾವ ಹೊಲದಲ್ಲೇ ಆಗಲಿ ಔಷಧಿ ಹೊಡೆಯುವುದಾದರೆ ಹಿಂದಿನ ದಿನವೇ ಇನ್ನೊಂದು ಮನೆಗೆ ಹೋಗಿ ಹೇಳಬೇಕು, ಹುಳು ಯಾವ ಜ್ವರದಲ್ಲಿದೆ ಎಂದು ಕೇಳಬೇಕು. ಈ ಷರತ್ತು ಹಾಕಿದವಳು ಓರಗಿತ್ತಿ, ಒಪ್ಪಿದವಳು ನಾನು.

2016ರಲ್ಲಿ ಪೊಳ್ಳಾಚಿ ಕಡೆ ತೆಂಗಿನ ಮೇಲೆ ಇನ್ನೊಂದು ಹೊಸ ರಸ ಹೀರುವ ಹುಳು ಕಾಣಿಸಿತು, ಸುರುಳಿ ಬಿಳಿನೊಣ. ಕೆಲವು ವರ್ಷಗಳಲ್ಲಿ ಅದು ನಮ್ಮ ತೆಂಗಿನ ಮರಗಳಿಗೂ ಬಂತು. ಗರಿಗಳ ಅಡಿಯಲ್ಲಿ ಬಿಳಿ ಸುರುಳಿಗಳು, ಕೆಳಗಿನ ಹಿಪ್ಪುನೇರಳೆಯ ಮೇಲೆ ಅಂಟು, ಕಪ್ಪು ಬೂಷ್ಟು. ಊರಿಗೆ ಹಿಂತಿರುಗಿ ತೋಟ ನೋಡಿಕೊಳ್ಳುತ್ತಿದ್ದ ನನ್ನ ಮಗ ಅಂಗಡಿಗೆ ಹೋಗಿ ಔಷಧಿ ತಂದೇಬಿಟ್ಟಿದ್ದ. ತಡೆದದ್ದು ನಾನಲ್ಲ, ಓರಗಿತ್ತಿ. ಗರಿಯೊಂದನ್ನು ಇಳಿಸಿ ಭೂತಗನ್ನಡಿಯಲ್ಲಿ ನೋಡುತ್ತಾ ಕೂತಳು. ಬಿಳಿನೊಣವೇ ಹೊರಬಂದಿದ್ದರೆ ಸಿಪ್ಪೆ ಸೀಳಿರುತ್ತದೆ, ಕಣಜ ಹೊರಬಂದಿದ್ದರೆ ದುಂಡನೆಯ ತೂತಿರುತ್ತದೆ. ಎನ್ಕಾರ್ಸಿಯಾ ಎಂಬ ಆ ಕಣಜ ಬಿಳಿನೊಣದ ಬೆನ್ನಿಗೇ ನಮ್ಮ ನಾಡಿಗೆ ಬಂದಿತ್ತು, ಔಷಧಿ ಹೊಡೆಯಬೇಡಿ ಎಂದು ಹೆಬ್ಬಾಳದವರೂ ಹೇಳುತ್ತಿದ್ದರು. "ಬಾರೋ ಇಲ್ಲಿ, ತೂತು ಎಣ್ಸು" ಎಂದು ಮಗನನ್ನು ಕೂಗಿ ಗಾಜನ್ನು ಅವನ ಕೈಗೆ ಕೊಟ್ಟಳು. ಅವನು ಅರ್ಧ ಗರಿ ನೋಡುವಷ್ಟರಲ್ಲಿ ಎಣಿಸುವುದನ್ನು ಬಿಟ್ಟ. ಸಂಜೆ ಔಷಧಿಯ ಡಬ್ಬಿಯನ್ನು ಅಂಗಡಿಗೆ ವಾಪಸು ಕೊಟ್ಟು ಬಂದ.